ಇಳಿಯುವುದಕ್ಕೂ ತೊಡೆ ಬೇಕು

ಘಾಜಿಯಾಬಾದ್
12 ಅಕ್ಟೋಬರ್ 2024

ಲೇ ಧಾರಿಣಿ,

ಬೆರಳು ಉದುರಿಹೋಗಿವೆಯೇನೇ ನಿನಗೆ? ಬಿದ್ದವಳು ನಾನು, ತೊಡೆಮೂಳೆ ಮುರಿದಿದ್ದು ನನ್ನದು, ಬಾಯಿ ಬಿದ್ದುಹೋಗಿದ್ದು ಮಾತ್ರ ನಿನಗೆ. ಆಗಸ್ಟಿನಲ್ಲಿ ಒಂದು ದಿನ ಫೋನು ಮಾಡಿ ‘ಅಜ್ಜಿ, ಟೇಕ್ ಕೇರ್’ ಅಂದೆ, ಇಟ್ಟೆ. ಮೊಮ್ಮಗಳ ಕರ್ತವ್ಯ ಮುಗೀತು. ನಿನ್ನ ಭುಜದ ಮೇಲಿಂದ ಇನ್ಯಾರಾದರೂ ಇಣುಕಿ ಇದನ್ನ ಓದ್ತಿದ್ದರೆ ಅವರಿಗೂ ಹೇಳು, ಸ್ವಂತ ಅಜ್ಜಿಗೆ ಕಾಗದ ಬರೆದು ಎಷ್ಟು ದಿನ ಆಯ್ತು ಅಂತ ಮೊದಲು ಲೆಕ್ಕ ಹಾಕ್ಕೊಳ್ಳಲಿ, ಆಮೇಲೆ ಓದಲಿ.

ನಾನು ಫೋನಿನಲ್ಲಿ ಮಾತಾಡೋಲ್ಲ. ಕಿವಿ ಮಂದ. ಜೋರಾಗಿ ಇಟ್ಟರೆ ನಿಮ್ಮಪ್ಪ ಏಕನಾಥ ಪಕ್ಕದ ರೂಮಿನಲ್ಲಿ ಎಲ್ಲ ಕೇಳಿಸಿಕೊಂಡು, ಏನೂ ಕೇಳಿಸದವನ ಹಾಗೆ ಪೇಪರು ಮಡಿಸ್ತಾನೆ. ನೀನು ದೆಹಲಿಯ ಮುಖರ್ಜಿ ನಗರದ ಐಎಎಸ್ ಕೋಚಿಂಗ್ ಬಿಟ್ಟು, ಮನೇಲಿ ಯಾರಿಗೂ ಹೇಳದೆ ಮೈಸೂರಿನ ಫಿಸಿಯೋಥೆರಪಿ ಕಾಲೇಜಿಗೆ ಹೊರಟುಹೋದ ದಿನದಿಂದ ನಿನ್ನ ಹೆಸರು ಅವನ ಬಾಯಲ್ಲಿ ಬಂದಿಲ್ಲ. ‘ಕಲೆಕ್ಟರ್ ಆಗು ಅಂದರೆ ಕಾಲು ಒತ್ತೋಕೆ ಹೋದಳು’ ಅಂದಿದ್ದೇ ಕೊನೆ.

ನನ್ನ ಕಥೆ ಕೇಳು. ಆಸ್ಪತ್ರೆಯಿಂದ ಬಂದ ದಿನ, ಲಿಫ್ಟಿಲ್ಲದ ಈ ಮನೆಯ ಮೂರನೇ ಮಹಡಿಗೆ ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತುಕೊಂಡು ಬಂದರು. ಕೆಳಗಿನ ಮನೆ ಹೆಂಗಸು, ತ್ಯಾಗಿ ಅಂತ ಅಡ್ಡಹೆಸರು, ಬಾಗಿಲಿಗೆ ಬಂದು ‘ಅರೇ ವಾಹ್, ಮಾತಾಜಿ ಕೀ ಸವಾರಿ!’ ಅಂದಳು. ಮೆರವಣಿಗೆ ನೋಡೋಳ ಹಾಗೆ. ಆವತ್ತೇ ಆಣೆ ಮಾಡಿದೆ. ಇನ್ನು ಈ ಮೆಟ್ಟಿಲು ಇಳಿದರೆ ನನ್ನ ಕಾಲಲ್ಲೇ. ಕುರ್ಚಿಯಲ್ಲಿ ಇಳಿಯೋಲ್ಲ. ಅದಾಗದೇ ಹೋದರೆ ಮುಂದಿನ ಸಲ ನಾಲ್ಕು ಜನ ಹೊರುತ್ತಾರೆ, ಆಗ ಬೇಡ ಅನ್ನೋಕೆ ನನಗೆ ಬಾಯಿ ಇರೋಲ್ಲ.

ಆದರೆ ಕಾಲು ಎಲ್ಲಿದೆ? ಬಲದೊಡೆ ಬಾಡಿದ ಪಡವಲಕಾಯಿ ಆಗಿದೆ. ಡಾಕ್ಟರು ಬೆರಳಲ್ಲಿ ಒತ್ತಿ ನೋಡಿ ‘ಹಡ್ಡಿ ಠೀಕ್, ಮಸಲ್ ವೀಕ್’ ಅಂದ, ಮೂಳೆಯೇನೋ ಕೂಡಿದೆಯಂತೆ, ಮುಂದಿನವರನ್ನ ಕರೆದ. ಏನೇ ಅದು ಮಸಲ್ಲು? ಹುಟ್ಟಿದಾಗಿಂದ ಹೊತ್ತು ತಿರುಗಿದ್ದೀನಿ, ಒಳಗೇನಿದೆ ಅಂತ ಯಾರೂ ಹೇಳಿಲ್ಲ. ನಮ್ಮೂರ ಶಾಲೆಯಲ್ಲಿ ನಾಲ್ಕನೇ ಕ್ಲಾಸಿಗೆ ನನ್ನ ಓದು ನಿಂತಿತು, ತೊಡೆಯ ಪಾಠ ಅದಕ್ಕಿಂತ ಮೇಲಿತ್ತೇನೋ. ನೀನು ಅದನ್ನೇ ಓದೋಕೆ ಅಪ್ಪನ್ನ ಎದುರು ಹಾಕ್ಕೊಂಡು ಹೋದೆಯಲ್ಲ, ಬರೆದು ಹೇಳು. ಕನ್ನಡದಲ್ಲಿ. ಆ ಕಾಲನ್ನ ಹೇಗೆ ಎಬ್ಬಿಸೋದು ಅಂತಲೂ ಹೇಳು.

ಕವರಿನ ಮೇಲೆ ಇಂಗ್ಲಿಷ್ ವಿಳಾಸ ಯಾರ ಅಕ್ಷರ ಅಂತ ನೀನೇ ನೋಡಿಕೋ. ನಾನು ಕೇಳಲಿಲ್ಲ. ಮೇಜಿನ ಮೇಲೆ ಖಾಲಿ ಕವರು ಇಟ್ಟಿದ್ದೆ, ಬೆಳಿಗ್ಗೆ ತುಂಬಿತ್ತು. ಟೊಮೇಟೊಗೆ ಅಂತ ಬಾಲ್ಕನಿಯಿಂದ ಹಗ್ಗ ಕಟ್ಟಿ ಬುಟ್ಟಿ ಬಿಡ್ತೀನಲ್ಲ, ಅದರಲ್ಲೇ ಕಾಗದವನ್ನೂ ಇಳಿಸ್ತೀನಿ. ತರಕಾರಿ ಭಯ್ಯಾ ಗೇಟಿನಾಚೆ ಅಂಚೆ ಪೆಟ್ಟಿಗೆಗೆ ಹಾಕ್ತಾನೆ.

ಕುರ್ಚಿ ಹತ್ತದ ನಿನ್ನಜ್ಜಿ,
ಸೀತಮ್ಮ


ಮೈಸೂರು
3 ನವೆಂಬರ್ 2024

ಪ್ರೀತಿಯ ಅಜ್ಜಿ,

ಸಾರಿ. ಮೊದಲು ಸಾರಿ, ಆಮೇಲೆ ಉಳಿದದ್ದು.

ನನ್ನ ಕನ್ನಡ ನೋಡಿ ನಗಬೇಡ. ರೂಮ್‌ಮೇಟ್ ಅಪೂರ್ವಾ ಪಕ್ಕದಲ್ಲಿ ಕೂತು ತಿದ್ದುತ್ತಾಳೆ, ನಿನ್ನ ಥರಾನೇ ಬೈಯುತ್ತಾ. (ಇಣುಕಿದ್ದು ಅವಳೇ. ನಿನ್ನ ಬೈಗುಳ ಓದಿ ಊರಿಗೆ ಕಾಗದ ಬರೆಯಲು ಕೂತಳು.) ಇಲ್ಲಿ ಆಸ್ಪತ್ರೆಯಲ್ಲಿ ಎಲ್ಲರೂ ಕನ್ನಡದಲ್ಲೇ ಕೇಳುತ್ತಾರೆ. ನಾನು ‘ಮಂಡಿ ಮಡಿಸಿ’ ಅನ್ನುವ ಬದಲು ಗಾಬರಿಯಲ್ಲಿ ‘ಘುಟ್ನಾ ಮೋಡಿಯೇ’ ಅಂದುಬಿಡುತ್ತೇನೆ. ಅವರು ಸುತ್ತಮುತ್ತ ನೋಡುತ್ತಾರೆ.

ತೊಡೆ ಒಂದೇ ಮುದ್ದೆ ಅಲ್ಲ ಅಜ್ಜಿ. ಮುಂದಿನ ಕಡೆ ನಾಲ್ಕು ದೊಡ್ಡ ಸ್ನಾಯು. ಒಂದೊಂದಕ್ಕೂ ತೆಳ್ಳಗಿನ ಹೊದಿಕೆ. ಒಳಗೆ ಕಟ್ಟು ಕಟ್ಟು ಎಳೆಗಳು, ಪ್ರತಿ ಕಟ್ಟಿಗೂ ಮತ್ತೆ ಹೊದಿಕೆ. ಅಮ್ಮ ಶಾವಿಗೆಯನ್ನು ಪೇಪರಲ್ಲಿ ಸುತ್ತಿ ಡಬ್ಬಿಗೆ ಇಡುತ್ತಾಳಲ್ಲ, ಹಾಗೆ. ಒಂದು ಎಳೆ ಕೂದಲಿನಷ್ಟು ಸಣ್ಣ. ಅದರೊಳಗೆ ಇನ್ನೂ ಸಣ್ಣ ದಾರಗಳು. ಆ ದಾರದ ಉದ್ದಕ್ಕೂ ಪುಟ್ಟ ಪುಟ್ಟ ಕೋಣೆಗಳು, ಮೆಟ್ರೋ ಡಬ್ಬಿಗಳ ಥರ ಒಂದರ ಹಿಂದೆ ಒಂದು.

ಕೆಲಸ ನಡೆಯುವುದು ಆ ಕೋಣೆಗಳಲ್ಲಿ. ಎರಡು ಥರದ ತಂತು ಇವೆ, ದಪ್ಪ ಮತ್ತು ತೆಳು. ಎರಡು ಬಾಚಣಿಗೆ ಎದುರೆದುರು ಇಟ್ಟು ಹಲ್ಲಿನ ನಡುವೆ ಹಲ್ಲು ತೂರಿಸು, ಹಾಗಿರುತ್ತವೆ. ದಪ್ಪ ತಂತುವಿಗೆ ಪುಟ್ಟ ಪುಟ್ಟ ಕೈಗಳಿವೆ. ಆ ಕೈ ತೆಳು ತಂತುವನ್ನು ಹಿಡಿದು ಎಳೆಯುತ್ತೆ, ಬಿಡುತ್ತೆ, ಸ್ವಲ್ಪ ಮುಂದೆ ಮತ್ತೆ ಹಿಡಿಯುತ್ತೆ. ನೀನು ಬಾಲ್ಕನಿಯಿಂದ ಬುಟ್ಟಿ ಮೇಲೆ ಸೇದುವಾಗ ಒಂದು ಕೈ ಆದಮೇಲೆ ಒಂದು ಕೈ ಹಾಕ್ತೀಯಲ್ಲ, ಡಿಟ್ಟೋ ಅದೇ. ತಂತು ಯಾವುದೂ ಚಿಕ್ಕದಾಗುವುದಿಲ್ಲ, ಒಂದರ ನಡುವೆ ಒಂದು ಜಾರುತ್ತೆ ಅಷ್ಟೆ. ಕೋಣೆ ಗಿಡ್ಡ ಆಗುತ್ತೆ. ಎಲ್ಲ ಕೋಣೆ ಒಟ್ಟಿಗೆ ಗಿಡ್ಡ ಆದರೆ ಸ್ನಾಯು ಗಿಡ್ಡ, ಮಂಡಿ ನೆಟ್ಟಗೆ.

ಸುಮ್ಮನೆ ಎಳೆಯೋಲ್ಲ. ಮೆದುಳಿಂದ ನರದಲ್ಲಿ ಸುದ್ದಿ ಬರಬೇಕು. ಆಗ ಎಳೆಯೊಳಗಿನ ಚೀಲದಿಂದ ಕ್ಯಾಲ್ಸಿಯಂ ಹೊರಗೆ ಬಂದು ತೆಳು ತಂತುವಿನ ಮುಚ್ಚಳ ಸರಿಸುತ್ತೆ, ಕೈಗೆ ಹಿಡಿಯಲು ಜಾಗ ಸಿಗುತ್ತೆ.

ನಿನ್ನ ಎಳೆಗಳು ಸತ್ತಿಲ್ಲ. ಕೆಲಸ ಇಲ್ಲದೆ ಸಣಕಲಾಗಿವೆ. ಮಂಡಿ ಕೆಳಗೆ ಟವೆಲ್ ಸುತ್ತಿ ಇಟ್ಟುಕೊಂಡು, ಅದನ್ನು ಹಾಸಿಗೆಗೆ ಒತ್ತು. ಒತ್ತಿ ಹಿಡಿ, ಬಿಡು. ದಿನಾ ಮಾಡು, ಪ್ಲೀಸ್.

ಕವರ್ ಮೇಲಿನ ಅಕ್ಷರ ನೋಡಿದೆ. ಪಿನ್‌ಕೋಡ್ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದಿದ್ದಾರೆ. ಕವರ್ ಎಸೆದಿಲ್ಲ.

ನಿನ್ನ
ಧಾರಿಣಿ


ಘಾಜಿಯಾಬಾದ್
24 ನವೆಂಬರ್ 2024

ಲೇ ಧಾರಿಣಿ,

ನಿನ್ನ ಕನ್ನಡ ಓದಿದೆ. ಆ ಅಪೂರ್ವಾಗೆ ನನ್ನ ಪರವಾಗಿ ಒಂದು ಹೋಳಿಗೆ ಕೊಡಿಸು, ಪಾಪ, ಎಷ್ಟು ತಿದ್ದಿದ್ದಾಳೋ.

ಇಲ್ಲಿ ಹೊಗೆ. ಎದುರಿನ ಬಿಲ್ಡಿಂಗು ಕಾಣೋಲ್ಲ. ಕಿಟಕಿ ತೆಗೆದರೆ ಕೆಮ್ಮು, ಮುಚ್ಚಿದರೆ ಜೈಲು. ಕೂತರೆ ಏಳಬೇಕು ಅನ್ಸುತ್ತೆ, ಎದ್ದರೆ ಎಲ್ಲಿಗೆ ಹೋಗೋದು? ಹಾಲಿನಿಂದ ಬಾಲ್ಕನಿ, ಬಾಲ್ಕನಿಯಿಂದ ಹಾಲು. ವಾಕರ್ ಕುಟ್ಟಿಕೊಂಡು ತಿರುಗ್ತೀನಿ. ನಿಮ್ಮಮ್ಮ ಶ್ರೀಲಕ್ಷ್ಮಿ ‘ಅತ್ತೆ, ಸ್ವಲ್ಪ ಕೂತ್ಕೊಳ್ಳಿ, ತಲೆ ಸುತ್ತುತ್ತೆ’ ಅಂತಾಳೆ. ತಿರುಗೋಳು ನಾನು, ಸುತ್ತೋದು ಅವಳ ತಲೆ!

ಟವೆಲ್ ಒತ್ತುತ್ತಿದ್ದೀನಿ. ಮೊದಲ ವಾರ ಒತ್ತು ಅಂದರೆ ತೊಡೆ ಸುಮ್ಮನೆ ಬಿದ್ದಿತ್ತು, ನಿಮ್ಮಪ್ಪನ ಸರ್ಕಾರಿ ಆಫೀಸಿನ ಜವಾನನ ಹಾಗೆ. ಈಗ ಕರೆದರೆ ಅಲ್ಲಾಡುತ್ತೆ. ಚರ್ಮದ ಕೆಳಗೆ ಏನೋ ಬಿಗಿಯಾಗೋದು ಕೈಗೆ ಸಿಗುತ್ತೆ. ನಿನ್ನ ಪುಟ್ಟ ಕೈಗಳು ಹಗ್ಗ ಹಿಡಿದವು ಅಂದುಕೊಂಡೆ.

ಒಂದು ವಿಷಯ. ಕ್ಯಾಲ್ಸಿಯಂ ಅಂದರೆ ಸುಣ್ಣ ಅಂತ ತ್ಯಾಗಿ ಹೆಂಗಸು ಹೇಳಿದಳು. ಎಲೆಗೆ ಹಚ್ಚೋ ಸುಣ್ಣವೇ? ಹಾಗಾದರೆ ನಾನು ಅರವತ್ತು ವರ್ಷದಿಂದ ಮಸಲ್ಲಿಗೆ ತಿನ್ನಿಸ್ತಾನೇ ಇದ್ದೀನಿ, ಆದರೂ ಹೀಗ್ಯಾಕೆ?

ನಿನ್ನ ಕಾಗದ ಟೀವಿ ಪಕ್ಕ ಬಿಟ್ಟು ಸ್ನಾನಕ್ಕೆ ಹೋಗಿದ್ದೆ. ಬಂದು ನೋಡಿದರೆ ಮಡಿಕೆ ಬೇರೆ ಥರ ಇತ್ತು. ರಾತ್ರಿ ಊಟಕ್ಕೆ ಕೂತಾಗ ನಿಮ್ಮಪ್ಪ ತಟ್ಟೆ ನೋಡ್ಕೊಂಡೇ ‘ಟವೆಲ್ ಒತ್ತಿದ್ಯಾ ಅಮ್ಮ?’ ಅಂದ. ಟವೆಲಿನ ವಿಷಯ ನಾನು ಅವನಿಗೆ ಹೇಳಿರಲಿಲ್ಲ. ಅವನಿಗೆ ಇನ್ನೊಂದು ಸೌಟು ಹುಳಿ ಬಡಿಸಿದೆ.

ಇನ್ನೊಂದು. ಮೀನಖಂಡ ಆಗಾಗ ಹಿಡಿದುಕೊಳ್ಳುತ್ತೆ, ಕಲ್ಲು ಕಟ್ಟಿದ ಹಾಗೆ. ಹಿಡಿದದ್ದು ಬಿಡೋಕೆ ಇಷ್ಟು ಹೊತ್ತು ಯಾಕೆ? ಹಿಡಿಯೋದೇ ಕಷ್ಟ, ಬಿಡೋದು ಸುಲಭ ಅಲ್ವೇ?

ನಿನ್ನಜ್ಜಿ,
ಸೀತಮ್ಮ


ಮೈಸೂರು
15 ಡಿಸೆಂಬರ್ 2024

ಪ್ರೀತಿಯ ಅಜ್ಜಿ,

ಸುಣ್ಣದಲ್ಲಿ ಇರುವುದೂ ಕ್ಯಾಲ್ಸಿಯಮ್ಮೇ, ಆದರೆ ನೀನು ತಿಂದ ಎಲೆಯಿಂದ ನೇರವಾಗಿ ತೊಡೆಗೆ ಹೋಗೋಲ್ಲ! ಅಪೂರ್ವಾ ನಿನ್ನ ಪ್ರಶ್ನೆಯನ್ನು ಕ್ಲಾಸಿನಲ್ಲೇ ಕೇಳಿಬಿಟ್ಟಳು. ಮೇಡಂ ಐದು ನಿಮಿಷ ನಕ್ಕರು.

ಮೀನಖಂಡ ಹಿಡಿದಾಗ ಕಾಲ್ಬೆರಳನ್ನು ನಿನ್ನ ಕಡೆಗೆ ಎಳೆದುಕೋ. ಅಲ್ಲಿ ನರ ಸುಮ್ಮನಾಗದೆ ಕೂಗುತ್ತಲೇ ಇರುತ್ತೆ, ಅದಕ್ಕೇ ಬಿಡೋಲ್ಲ. ಆದರೆ ನಿನ್ನ ಇನ್ನೊಂದು ಪ್ರಶ್ನೆ ಮಸ್ತ್ ಇದೆ. ಬಿಡುವುದು ಸುಲಭ ಅಲ್ಲ ಅಜ್ಜಿ. ಆ ಪುಟ್ಟ ಕೈ ಹಿಡಿದದ್ದನ್ನು ಬಿಡಬೇಕಾದರೆ ಅದಕ್ಕೆ ಊಟ ಬೇಕು, ಮತ್ಲಬ್ ಶಕ್ತಿ. ಶಕ್ತಿಯ ಒಂದು ತುತ್ತು ಬಂದು ಕೂತರೆ ಮಾತ್ರ ಕೈ ಬಿಡುತ್ತೆ. ಸತ್ತವರ ಮೈ ಕೆಲವು ಗಂಟೆ ಆದಮೇಲೆ ಸೆಟೆದುಕೊಳ್ಳುವುದು ಅದಕ್ಕೇ. ಎಲ್ಲ ಕೈಗಳೂ ಹಿಡಿದುಕೊಂಡೇ ಇರುತ್ತವೆ, ಬಿಡಿಸಲು ತುತ್ತು ಇರುವುದಿಲ್ಲ.

ಇನ್ನೊಂದು ನನಗೆ ಆಶ್ಚರ್ಯ ಆಗಿದ್ದು. ಮೈಯಲ್ಲಿ ಒಂದು ಸ್ನಾಯುವೂ ತಳ್ಳುವುದಿಲ್ಲ. ಎಲ್ಲವೂ ಎಳೆಯುವುದೇ. ಮಂಡಿ ಚಾಚಲು ಮುಂದಿನ ತೊಡೆ ಎಳೆಯುತ್ತೆ, ಮಡಿಸಲು ಹಿಂದಿನದು. ಒಂದು ಎಳೆಯುವಾಗ ಇನ್ನೊಂದು ಸಡಿಲ ಬಿಡಬೇಕು. ಇಬ್ಬರೂ ಎಳೆದರೆ ಕಾಲು ಕಂಬ.

ಈಗ ನೀನು ಮೆಟ್ಟಿಲು ಶುರು ಮಾಡಬಹುದು. ಕೆಳಗಲ್ಲ, ಮೇಲಕ್ಕೆ. ನಮ್ಮ ಮನೆ ಮೇಲೆ ತಾರಸಿ ತಾನೆ, ಬಿಸಿಲೂ ಸಿಗುತ್ತೆ. ಕಂಬಿ ಹಿಡಿ, ಗಟ್ಟಿ ಕಾಲು ಮೊದಲು ಮೇಲಿಡು, ಆಮೇಲೆ ಆಪರೇಷನ್ ಆದ ಕಾಲು. ನಿಧಾನ. ನೀನು ಹತ್ತಿದೆ ಅಂದರೆ ನಾನು ಅಪ್ಪನಿಗೆ... ಬಿಡು. ನೀನು ಹತ್ತು.

ನಿನ್ನ
ಧಾರಿಣಿ


ಘಾಜಿಯಾಬಾದ್
12 ಜನವರಿ 2025

ಏ ಡಾಕ್ಟರಮ್ಮ,

ಹತ್ತಿದೆ. ಹತ್ತಿಸಿದ್ದೆಯಲ್ಲ, ಹತ್ತಿದೆ. ಇಳಿಯೋದು ಯಾರು ಹೇಳಿಕೊಡಬೇಕಿತ್ತು, ನಿಮ್ಮ ಮೇಡಂ ಬರಬೇಕಿತ್ತಾ?

ವಾರಗಟ್ಟಲೆ ಮಂಜು. ಇವತ್ತು ಭಾನುವಾರ ಬಿಸಿಲು ಬಂತು. ಇಡೀ ಬಿಲ್ಡಿಂಗಿನ ಹೆಂಗಸರು ಚಾಪೆ, ಕಡಲೆಕಾಯಿ, ಹೆಣೆಯೋ ಉಲ್ಲನ್ನು ತಗೊಂಡು ತಾರಸಿಗೆ ಹೋದರು. ನಾನೂ ಕಂಬಿ ಹಿಡಿದೆ. ಎಡಗಾಲು ಮೇಲೆ, ಆಮೇಲೆ ಬಲಗಾಲು. ತೊಡೆ ಬಿಗೀತು, ಮೈ ಎದ್ದಿತು. ಎಷ್ಟು ತಿಂಗಳಾದಮೇಲೆ ಆಕಾಶ ನೋಡಿದೆನೋ. ತ್ಯಾಗಿ ಹೆಂಗಸು ‘ಮಾತಾಜಿ ಆ ಗಯೀ!’ ಅಂತ ಚಪ್ಪಾಳೆ ತಟ್ಟಿದಳು. ನಾನು ಅವಳ ಕಡಲೆಕಾಯಲ್ಲಿ ಅರ್ಧ ತಿಂದೆ. ನನ್ನ ಮೊಮ್ಮಗಳು ಮೈಸೂರಿಂದ ಕಾಗದದಲ್ಲೇ ಕಾಲು ಎಬ್ಬಿಸಿದಳು ಅಂತ ಎಲ್ಲರ ಹತ್ತಿರ ಕೊಚ್ಚಿಕೊಂಡೆ.

ಬಿಸಿಲು ಹೋಯ್ತು. ಎಲ್ಲರೂ ಇಳಿದರು. ನಾನು ಮೇಲಿನ ಮೆಟ್ಟಿಲಲ್ಲಿ ನಿಂತೆ. ಕೆಳಕ್ಕೂ ಎಡಗಾಲನ್ನೇ ಮೊದಲು ಚಾಚಿದೆ, ಅದು ಗಾಳಿಯಲ್ಲಿ ನಿಂತಿತು. ಮೇಲಿದ್ದ ತೊಡೆ ನಡುಗೋಕೆ ಶುರು, ಹಳೇ ಫ್ಯಾನಿನ ಹಾಗೆ. ನನ್ನ ಭಾರ ಹೊತ್ತು ಬಾಗೋಕೆ ಅದಕ್ಕೆ ಬರ್ತಿಲ್ಲ. ಮೇಲೂ ಇಲ್ಲ, ಕೆಳಗೂ ಇಲ್ಲ. ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆಮೇಲೆ ಏಳೋಕೂ ಆಗಲಿಲ್ಲ.

ನಿಮ್ಮಪ್ಪ ಬಂದು ನೋಡಿದ.

‘ಯಾರು ಹತ್ತು ಅಂದಿದ್ದು?’

‘ಬಿಸಿಲು ಅಂತು’ ಅಂದೆ.

‘ಸುಳ್ಳು ಹೇಳಬೇಡ ಅಮ್ಮ. ಕಾಗದ ಅಂತು.’

ಓದಿದ್ದೇನೆ ಅಂತ ಅವನ ಬಾಯಿಂದಲೇ ಬಂತು ನೋಡು, ಆದರೆ ಎಂಥ ಹೊತ್ತಲ್ಲಿ! ಕುರ್ಚಿ ತಂದರು. ಅದೇ ಪ್ಲಾಸ್ಟಿಕ್ ಕುರ್ಚಿ. ಒಂದು ಕಡೆ ನಿಮ್ಮಪ್ಪ, ಇನ್ನೊಂದು ಕಡೆ ಎದುರು ಮನೆಯವನು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ತ್ಯಾಗಿ ಹೆಂಗಸು ಈ ಸಲ ನಗಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು.

ನಮ್ಮ ಮನೆ ಬಾಗಿಲ ಗ್ರಿಲ್ಲಿಗೆ ಬೀಗ ಹಾಕಿ ಕೀಲಿ ಜೇಬಿಗಿಟ್ಟ. ‘ಇನ್ನು ಮೆಟ್ಟಿಲು ಬಂದ್. ಮೊದಲು ಅವಳು ಪಾಸಾಗಲಿ, ಆಮೇಲೆ ನಿನ್ನ ಮೇಲೆ ಕಲೀಲಿ’ ಅಂದ. ಅವಮಾನ ನನಗೊಬ್ಬಳಿಗೇ ಆಗಿಲ್ಲ ಕಣೇ, ನಿನಗೂ ಆಯ್ತು.

ಈ ಕವರಿನ ವಿಳಾಸ ನಿಮ್ಮಮ್ಮ ಬರೆದಿದ್ದು. ಇನ್ನೊಬ್ಬರು ಮುಟ್ಟಲಿಲ್ಲ.

ಸೀತಮ್ಮ


ಮೈಸೂರು
21 ಜನವರಿ 2025

ಅಜ್ಜಿ,

ತಪ್ಪು ನನ್ನದು. ಕವರ್ ನೋಡಿದ ಕೂಡಲೇ ಏನೋ ಆಗಿದೆ ಅಂತ ಗೊತ್ತಾಯಿತು. ಮೇಡಂಗೆ ಹೇಳಿದೆ. ‘ಹತ್ತಿಸುವ ಮೊದಲು ಇಳಿಸಲು ಕಲಿ’ ಅಂದರು. ಪೇಷೆಂಟನ್ನು ಕಣ್ಣಲ್ಲಿ ನೋಡದೆ, ಜೊತೆಗೆ ಯಾರೂ ಇಲ್ಲದೆ ಮೆಟ್ಟಿಲು ಹೇಳಿದ್ದಕ್ಕೆ ಎಲ್ಲರ ಮುಂದೆ ಬೈದರು. ಬೈಯಬೇಕಾದ್ದೇ.

ನಾನು ನಿನಗೆ ಅರ್ಧ ಪಾಠ ಬರೆದಿದ್ದೆ. ಸ್ನಾಯು ಗಿಡ್ಡ ಆಗುತ್ತಾ ಎಳೆಯುತ್ತೆ ಅಂತ ಮಾತ್ರ. ಅದು ಉದ್ದ ಆಗುತ್ತಲೂ ಎಳೆಯುತ್ತೆ, ಇದನ್ನು ಬಿಟ್ಟುಬಿಟ್ಟೆ. ತುಂಬಿದ ಬುಟ್ಟಿಯನ್ನು ಕೆಳಗೆ ಇಳಿಸುವಾಗ ನೀನು ಹಗ್ಗ ಬಿಟ್ಟುಬಿಡುತ್ತೀಯಾ? ಬಿಟ್ಟರೆ ಭಯ್ಯಾನ ತಲೆ ಒಡೆಯುತ್ತೆ. ಹಿಡಿದುಕೊಂಡೇ ಸ್ವಲ್ಪ ಸ್ವಲ್ಪ ಬಿಡುತ್ತೀಯ. ಇಳಿಯುವಾಗ ಮೇಲಿನ ಮೆಟ್ಟಿಲಲ್ಲಿ ಉಳಿದ ತೊಡೆ ಮಾಡುವುದು ಅದೇ. ಬುಟ್ಟಿ ನೀನು. ಆ ಪುಟ್ಟ ಕೈಗಳು ಹಿಡಿದೇ ಇರುತ್ತವೆ, ಭಾರ ಅವನ್ನು ಹಿಂದಕ್ಕೆ ಜಗ್ಗುತ್ತೆ, ಬಿಡಿಸಿಕೊಂಡು ಮತ್ತೆ ಹಿಡಿಯುತ್ತವೆ. ಇದನ್ನು ಬೇರೆಯಾಗಿಯೇ ಕಲಿಸಬೇಕು.

ಸದ್ಯಕ್ಕೆ ಮೆಟ್ಟಿಲು ಬೇಡ. ಎತ್ತರದ ಮಂಚದ ಮೇಲೆ ಧೊಪ್ಪೆಂದು ಕೂರಬೇಡ. ಹಗ್ಗ ಬಿಟ್ಟ ಹಾಗೆ ನಿಧಾನವಾಗಿ ಕೂರು. ಕೂರುವುದೇ ವ್ಯಾಯಾಮ. ಮರುದಿನ ತೊಡೆ ನೋಯುತ್ತೆ, ಹೆದರಬೇಡ. ಒಂದು ತಿಂಗಳಾದಮೇಲೆ ಆಸ್ಪತ್ರೆಯ ಫಿಸಿಯೋ ಒಮ್ಮೆ ನೋಡಲಿ. ಅವರು ಸರಿ ಅಂದರೆ ಮೆಟ್ಟಿಲು. ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು ಕೆಳಗೆ. ನಿನಗಿಂತ ಒಂದು ಮೆಟ್ಟಿಲು ಕೆಳಗೆ, ನಿನ್ನ ಕಡೆ ಮುಖ ಮಾಡಿ ಒಬ್ಬರು ನಿಲ್ಲಲೇಬೇಕು. ~~ಅಪ್ಪ ನಿಂತರೆ~~ ತ್ಯಾಗಿ ಆಂಟಿಯನ್ನು ಕೇಳು.

ಧಾರಿಣಿ


ಮೈಸೂರು
27 ಫೆಬ್ರವರಿ 2025

ಅಜ್ಜಿ,

ಒಂದು ತಿಂಗಳಾಯಿತು. ಕಾಗದ ಇಲ್ಲ. ಅಮ್ಮ ಫೋನಿನಲ್ಲಿ ‘ಎಲ್ಲ ಚೆನ್ನಾಗಿದ್ದಾರೆ’ ಅನ್ನುತ್ತಾಳೆ, ಹಿಂದೆ ವಾಕರ್ ಸದ್ದು ಕೇಳುವುದಿಲ್ಲ. ನಿದ್ದೆ ಬರುತ್ತಿಲ್ಲ. ಬೈದಾದರೂ ಬರಿ.

ಧಾರಿಣಿ


ಘಾಜಿಯಾಬಾದ್
ಅಂಚೆ ಪೆಟ್ಟಿಗೆ ಪಕ್ಕದ ಕಟ್ಟೆ
9 ಮಾರ್ಚ್ 2025

ಲೇ ಧಾರಿಣಿ,

ಮೇಲೆ ಏನು ಬರೆದಿದ್ದೀನಿ ಅಂತ ಇನ್ನೊಂದು ಸಲ ಓದು. ಎಲ್ಲಿ ಕೂತಿದ್ದೀನಿ ಗೊತ್ತಾಯ್ತಾ? ವಾಕರ್ ಸದ್ದು ಕೇಳಲಿಲ್ಲ ಅಂತ ಅಳ್ತಾ ಕೂತಿದ್ದೆಯಲ್ಲ, ವಾಕರ್ ಬಿಟ್ಟು ಕೋಲು ಹಿಡಿದಿದ್ದೀನಿ, ಮುಂಡೇದೆ. ಇನ್ನು ಬುಟ್ಟಿಯಲ್ಲಿ ಕಾಗದ ಇಳಿಸೋಲ್ಲ, ಮುಂದಿನದು ನನ್ನ ಕೈಯಿಂದಲೇ ಪೆಟ್ಟಿಗೆಗೆ ಬೀಳಬೇಕು ಅಂತ ಹಟ ಹಿಡಿದೆ. ಅದಕ್ಕೇ ತಡ.

ಕೂರೋದನ್ನ ಕಲಿತೆ. ಈ ವಯಸ್ಸಲ್ಲಿ! ಮಂಚದ ಮುಂದೆ ನಿಂತು, ಗಾಳಿಯಲ್ಲಿ ಹಗ್ಗ ಬಿಡೋಳ ಹಾಗೆ ನಿಧಾನಕ್ಕೆ ಇಳಿಯೋದು. ಮೊದಮೊದಲು ಅರ್ಧದಲ್ಲೇ ಹಗ್ಗ ಜಾರಿ ಧಡ್ ಅಂತ ಬೀಳ್ತಿದ್ದೆ, ಮಂಚ ಕಿರ್ ಅಂತಿತ್ತು. ಪಕ್ಕದ ರೂಮಿನಲ್ಲಿ ಪೇಪರು ಮಡಿಸೋ ಸದ್ದು ನಿಂತುಹೋಗ್ತಿತ್ತು. ಒಂದು ದಿನ ಸದ್ದೇ ಇಲ್ಲದೆ ಕೂತೆ. ನಿಮ್ಮಪ್ಪ ಬಾಗಿಲಿಗೆ ಬಂದ, ಬಿದ್ದೇಬಿಟ್ಟೆ ಅಂದುಕೊಂಡನೇನೋ. ನೋಡಿ ಹೋದ. ಆಮೇಲೆ ಅವನೇ ಆಟೋ ಹೇಳಿ ಫಿಸಿಯೋ ಹುಡುಗಿಯನ್ನು ಮನೆಗೆ ಕರೆತಂದ. ಅವಳು ತೊಡೆ ಹಿಡಿದು ನೋಡಿ ‘ಯೇ ಕಿಸ್‌ನೇ ಕರ್ವಾಯಾ?’ ಅಂದಳು. ಯಾರು ಮಾಡಿಸಿದ್ದು ಅಂತ. ನಾನು ಬಾಯಿ ತೆರೆಯೋಷ್ಟರಲ್ಲಿ ನಿಮ್ಮಪ್ಪ ‘ಮೇರೀ ಬೇಟೀ ನೇ’ ಅಂದ, ನನ್ನ ಮಗಳು ಅಂತ. ಅಂದು, ತಕ್ಷಣ ನೀರು ಕುಡಿಯೋಕೆ ಅಡುಗೆಮನೆಗೆ ಹೋದ. ಎಷ್ಟು ನೀರು ಕುಡಿದನೋ.

ಹೋದ ಭಾನುವಾರ ಕಾಲಿಗೆ ಶೂಸು ಹಾಕಿ, ಗ್ರಿಲ್ಲಿನ ಬೀಗ ತೆಗೆದು ನನ್ನ ಮುಂದೆ ನಿಂತ.

‘ಆಪರೇಷನ್ ಆದ ಕಾಲು ಮೊದಲು ಕೆಳಗೆ. ಹಾಗೆ ತಾನೆ ಬರೆದಿರೋದು?’

‘ತ್ಯಾಗಿ ಆಂಟಿಯನ್ನು ಕೇಳು ಅಂತಲೂ ಬರೆದಿದೆ’ ಅಂದೆ.

‘ಅದಕ್ಕೆ ಮುಂಚೆ ಒಂದು ಹೊಡೆದುಹಾಕಿದೆ, ಅದನ್ನೂ ಓದೋಕಾಗುತ್ತೆ’ ಅಂದ.

ಹಿಂದುಹಿಂದಕ್ಕೆ ಇಳೀತಾ ಹೋದ, ನನ್ನ ಕಡೆ ಮುಖ ಮಾಡಿ, ಎರಡು ಕೈ ಚಾಚಿಕೊಂಡು. ಮುಟ್ಟಲಿಲ್ಲ. ಮುಟ್ಟಿದರೆ ಕೋಲಲ್ಲಿ ಹೊಡೀತೀನಿ ಅಂತ ಮೊದಲೇ ಹೇಳಿದ್ದೆ. ಬಲಗಾಲು ಕೆಳಗಿಟ್ಟೆ, ಮೇಲಿದ್ದ ಎಡದೊಡೆ ಸ್ವಲ್ಪ ಸ್ವಲ್ಪ ಸಡಿಲ ಬಿಡ್ತಾ ನನ್ನನ್ನ ಇಳಿಸಿತು. ನಡುಗಿತು, ಆದರೆ ಹಿಡಿದೇ ಬಿಡ್ತು. ಇವನು ಬೆನ್ನ ಹಿಂದೆ ಏನಿದೆ ಅಂತ ಕಾಣದೆ ಇಳೀತಿದ್ದಾನೆ, ಹಣೆ ಮೇಲೆ ಬೆವರು. ನೀನು ನಡೆಯೋದು ಕಲಿಯುವಾಗಲೂ ಹೀಗೇ ಹಿಂದುಹಿಂದಕ್ಕೆ ಹೋಗ್ತಿದ್ದ, ಕರೋಲ್ ಬಾಗಿನ ಆ ಇಕ್ಕಟ್ಟು ಮನೆಯಲ್ಲಿ. ಹೇಳಲಿಲ್ಲ. ಹೇಳಿದರೆ ಇಬ್ಬರೂ ಬೀಳ್ತಿದ್ದೆವು.

ಆವತ್ತು ಒಂದು ಮಹಡಿ ಇಳಿದು ವಾಪಸ್ ಹತ್ತಿದೆವು. ಆಮೇಲೆ ದಿನಾ ಆಫೀಸಿನಿಂದ ಬಂದಮೇಲೆ ಸ್ವಲ್ಪ ಸ್ವಲ್ಪ. ಇವತ್ತು ಪೂರ್ತಿ. ತ್ಯಾಗಿ ಹೆಂಗಸು ಬಾಗಿಲಿಗೆ ಬಂದು ‘ಸಾಬ್, ಆಪ್ ಉಲ್ಟೇ ಕ್ಯೂಂ ಚಲ್ ರಹೇ ಹೋ?’ ಅಂದಳು, ಸಾಹೇಬರು ಹಿಂದುಹಿಂದಕ್ಕೆ ಯಾಕೆ ನಡೀತಿದ್ದಾರೆ ಅಂತ. ನಗಲಿ. ಅವನ ಮೇಲೆ ನಗಲಿ, ನನ್ನ ಮೇಲಲ್ಲ. ಗೇಟು ದಾಟಿದೆ. ತರಕಾರಿ ಭಯ್ಯಾ ನನ್ನನ್ನ ನೋಡಿ ಅಭ್ಯಾಸಕ್ಕೆ ಮೇಲೆ ಬಾಲ್ಕನಿ ನೋಡಿದ, ಬುಟ್ಟಿ ಎಲ್ಲಿ ಅಂತ. ಇದುವರೆಗೆ ಅವನು ಕಳಿಸಿದ ಕೊಳೆತ ಟೊಮೇಟೊಗೆಲ್ಲ ಮುಖ ಕೊಟ್ಟು ಬೈದೆ. ಹೊಟ್ಟೆ ತಣ್ಣಗಾಯ್ತು. ಮತ್ತೆ ಹತ್ತೋದು ಬಾಕಿ ಇದೆ, ಅದು ಬಿಡು, ಹತ್ತೋದು ನೀನು ಮೊದಲೇ ಕಲಿಸಿದ್ದೀಯ.

ನಿಮ್ಮಪ್ಪ ಈಗ ಪಕ್ಕದಲ್ಲಿ ಕೂತಿದ್ದಾನೆ. ಕೂರುವಾಗ ‘ಅಮ್ಮಾ’ ಅಂದ, ನನ್ನನ್ನ ಕರೆದಿದ್ದಲ್ಲ, ನೋವು. ಒಂದು ವಾರದಿಂದ ತೊಡೆ ಹಿಡಿದುಕೊಂಡು ಮೆಟ್ರೋ ಹತ್ತುತ್ತಿದ್ದಾನಂತೆ. ‘ಕೇಳು ಅವಳನ್ನ, ಇಳಿಯೋಳು ನೀನು, ನನ್ನ ತೊಡೆ ಯಾಕೆ ನೋಯಬೇಕು?’ ಅಂತಾನೆ. ನಾನು ನಿನ್ನ ಗುಮಾಸ್ತೆಯಲ್ಲ, ನಿನ್ನ ತೊಡೆ ವಿಷಯ ನೀನೇ ಕೇಳು ಅಂತ ಕಾಗದ ಅವನ ಕೈಗೆ ಕೊಟ್ಟೆ. ಪೆನ್ನಿನ ಕ್ಯಾಪು ತೆಗೆದ, ಹಾಕಿದ, ತೆಗೆದ. ಒಂದು ಸ್ಕೂಟರು ಹೋಯ್ತು, ಅದನ್ನ ನೋಡಿದ. ಆಮೇಲೆ ಬರೆದ:

_ಎರಡೂ ತೊಡೆ ಮುಂಭಾಗ ನೋವು. ಮೆಟ್ಟಿಲು ಇಳಿಯುವಾಗ ಹೆಚ್ಚು. ಮುಂದುವರಿಸಬಹುದೇ? ತಿಳಿಸುವುದು. ಏಕನಾಥ, 9.3.25_

ನೋಡು, ಫೈಲಿಗೆ ಹಾಕೋ ಹಾಗೆ ಸಹಿ, ತಾರೀಖು! ಆದರೂ ಪೂರ್ತಿ ಬರೆದ. ಕವರಿನ ವಿಳಾಸವೂ ಅವನದೇ, ಸ್ಕೇಲ್ ಇರಲಿಲ್ಲ, ಪಿನ್‌ಕೋಡ್ ಕೆಳಗೆ ಗೆರೆ ಸೊಟ್ಟ ಬಂದಿದೆ.

ಇದಕ್ಕೆ ಉತ್ತರ ನನ್ನ ಹೆಸರಿಗೆ ಬರಕೂಡದು. ಕೇಳಿದವನ ಹೆಸರಿಗೆ ಬರಲಿ, ಕನ್ನಡದಲ್ಲಿ, ಅಪೂರ್ವಾ ತಿದ್ದದೆ, ತಪ್ಪಿದ್ದರೆ ಇರಲಿ. ಈಗ ಕೋಲು ಊರಿ ಏಳ್ತೀನಿ, ಪೆಟ್ಟಿಗೆ ಬಾಯಿಗೆ ಕೈ ಎಟುಕುತ್ತೆ. ಇವನು ದಿನಾ ಸಂಜೆ ಬಂದು ನಿನ್ನ ಉತ್ತರ ಬಂತಾ ಅಂತ ಕೆಳಗೆ ಇಣುಕೋಕೆ ಶುರು ಮಾಡ್ತಾನೆ, ನನಗೆ ಗೊತ್ತು. ಕಾಯಿಸಬೇಡ. ಏಪ್ರಿಲ್ ಕಾಲಿಡೋದರೊಳಗೆ ಬರಿ.

ನಿನ್ನಜ್ಜಿ,
ಸೀತಮ್ಮ